ಗಿಟುಕು ಹೇಳಿದ ವೇಗ

ಹಾಲ್ಕುರಿಕೆಯ ಆ ಮನೆಯಲ್ಲಿ ಒಂದು ಹಳೆಯ ಜೀಪಿತ್ತು, ಒಂದು ಟ್ರೈಲರ್ ಇತ್ತು, ಅವೆರಡನ್ನೂ ಓಡಿಸುವ ವಿಷಯದಲ್ಲಿ ಎರಡು ಸಿದ್ಧಾಂತಗಳಿದ್ದವು.

ಮೊದಲನೆಯದು ಹಿರಿಯ ಮಗ ಹುಚ್ಚಣ್ಣನದು. "ಬೇಗ ಹೋದ್ರೆ ಬೇಗ ತಲುಪ್ತೀವಿ. ಬೇಗ ತಲುಪಿದ್ರೆ ಎಂಜಿನ್ ಬೇಗ ಆಫ್ ಆಯ್ತದೆ. ಆಫ್ ಆದ ಎಂಜಿನ್ನು ಡೀಸೆಲ್ ಎಲ್ಲಿಂದ ಕುಡೀತದೆ ಕಣ್ಲಾ?" ಎನ್ನುತ್ತಿದ್ದ. ಹಿಂದೆ ಟ್ರೈಲರ್ ಇರಲಿ ಬಿಡಲಿ, ಹೈವೇ ಸಿಕ್ಕಿತೆಂದರೆ ಅವನ ಸ್ಪೀಡ್ ಮೀಟರಿನ ಮುಳ್ಳು ಎಂಬತ್ತರ ಮೇಲೆ ಕೂರುತ್ತಿತ್ತು.

ಎರಡನೆಯದು ತಮ್ಮ ದಯಾನಂದನದು. "ಮೆತ್ತಗೆ ಹೋದ್ರೆ ಮೆತ್ತಗೆ ಕುಡೀತದೆ." ಅವನು ಟಾಪ್ ಗೇರಿಗೆ ಹಾಕಿಕೊಂಡು ಇಪ್ಪತ್ತೈದರಲ್ಲಿ ಹೋಗುತ್ತಿದ್ದ. ಎಂಜಿನ್ನು ಉಬ್ಬಸದ ಮುದುಕನಂತೆ ಕೆಮ್ಮುತ್ತಿತ್ತು. ಒಮ್ಮೆ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನು ಇವನನ್ನು ದಾಟಿ ಮುಂದೆ ಹೋಗಿ, ಪಾಪ, ಸೈಕಲ್ ನಿಲ್ಲಿಸಿ ವಾಪಸ್ ಬಂದು, "ಯಾಕಣ್ಣ, ಕೆಟ್ಟೋಯ್ತಾ? ತಳ್ಳಲಾ?" ಎಂದು ಕೇಳಿದ್ದನಂತೆ.

ಈ ಎರಡರ ನಡುವೆ ಮೂರನೆಯದೊಂದು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ದಯಾನಂದನ ಹೆಂಡತಿ ವನಜಾಕ್ಷಿ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಳ್ಳುವವರೆಗೆ.

ಕೆ.ಬಿ. ಕ್ರಾಸಿನ ಹತ್ತಿರ ಹೆಂಗಸರ ಸಂಘದವರು ಕಾಯಿ ಒಡೆಯುವ ಶೆಡ್ಡು ಹಾಕಿದ್ದರು. ವನಜಾಕ್ಷಿಯೂ ಅದರಲ್ಲೊಬ್ಬಳು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪಿನ ಸಮೇತ ಅಲ್ಲಿಗೆ ತಲುಪಿಸಬೇಕು. ಅಲ್ಲಿ ಚಿಪ್ಪು ಬಿಡಿಸಿ ಒಳಗಿನ ಉಂಡೆ ಕೊಬ್ಬರಿಯನ್ನು, ಅಂದರೆ ಗಿಟುಕನ್ನು, ಇಡಿಯಾಗಿ ತೆಗೆಯುತ್ತಾರೆ. ದಾರಿಯಲ್ಲೇ ಒಡೆದು ಹೋಳಾದ ಕೊಬ್ಬರಿಗೆ ಗಿಟುಕಿನ ಮರ್ಯಾದೆ ಇಲ್ಲ. ವಾರಕ್ಕೆ ಎರಡು ಲೋಡು. ಅದನ್ನು ತಾನೇ ಹೊಡೆದುಕೊಂಡು ಹೋಗುತ್ತೇನೆಂದು ವನಜಾಕ್ಷಿ ಕೇಳಿದಳು. ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ಬರೀ ಜೀಪಾದ್ರೆ ಕೊಟ್ಬುಡ್ತಿದ್ದೆ ಕಣವ್ವ," ಎಂದ ಹುಚ್ಚಣ್ಣ. "ಟ್ರೈಲರ್ ಅಂದ್ರೆ ಹಂಗಲ್ಲ. ಮುಂದೊಂದು ಗಾಡಿ, ಹಿಂದೊಂದು ಗಾಡಿ. ಎರಡಕ್ಕೂ ಬ್ಯಾರೆ ಬ್ಯಾರೆ ಬುದ್ಧಿ."

"ಮನೇಲೂ ಹಂಗೇ ಅಲ್ವಾ ಭಾವ? ಅಣ್ಣನಿಗೊಂದು, ತಮ್ಮನಿಗೊಂದು. ಇಷ್ಟು ವರ್ಷ ಎಳ್ಕೊಂಡು ಬಂದಿಲ್ವಾ?" ಎಂದಳು ವನಜಾಕ್ಷಿ.

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಸಿದ್ದಮ್ಮ ಕಿಸಕ್ಕನೆ ನಕ್ಕರು. ಹುಚ್ಚಣ್ಣನಿಗೆ ಅವಮಾನವಾಯಿತು. ಅಲ್ಲೇ ಪಂದ್ಯ ಕಟ್ಟಿದ. ಸೋಮವಾರ ತಾನು, ಬುಧವಾರ ಅವಳು. ಇಬ್ಬರಿಗೂ ಇಪ್ಪತ್ತೈದೇ ಚೀಲ, ಅದೇ ದಾರಿ. ಹೋಗುವಾಗ ತಿಪಟೂರಿನ ಬಂಕಿನಲ್ಲಿ ಟ್ಯಾಂಕು ತುಂಬಿಸುವುದು, ಬಂದ ಮೇಲೆ ಅಲ್ಲೇ ಮತ್ತೆ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು.

"ಡೀಸೆಲ್ಲೂ ನನಗಿಂತ ಕಮ್ಮಿ ಆಗ್ಬೇಕು, ಹೋಳೂ ನನಗಿಂತ ಕಮ್ಮಿ ಆಗ್ಬೇಕು. ಎರಡ್ರಲ್ಲಿ ಒಂದು ತಪ್ಪಿದ್ರೂ ಕೀ ನಂದೇ. ಆಮೇಲೆ ಆ ಮಾತು ಎತ್ತಂಗಿಲ್ಲ."

"ಆಗ್ಲಿ ಭಾವ," ಎಂದಳು.

ಸೋಮವಾರ ಹುಚ್ಚಣ್ಣ ಊಟದ ಹೊತ್ತಿಗೇ ವಾಪಸ್ ಬಂದ. ಏಳು ಲೀಟರು, ಮೂವತ್ತೊಂದು ಹೋಳು. "ರಸ್ತೆ ಸರಿ ಇಲ್ಲ," ಎಂದ. ರಸ್ತೆ ಹೋದ ವರ್ಷವಷ್ಟೇ ಹೊಸದಾಗಿ ಆಗಿತ್ತು.

ಬುಧವಾರ ವನಜಾಕ್ಷಿ ಎದ್ದು ಬರುವಷ್ಟರಲ್ಲಿ ದಯಾನಂದ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಜೀಪಿನ ನಾಲ್ಕು, ಟ್ರೈಲರಿನ ಎರಡು, ಆರೂ ಚಕ್ರಕ್ಕೆ ಗಾಳಿ ನೋಡುತ್ತಿದ್ದ. ಹಿಂದಿನ ದಿನವೇ ಪಂಪು ಎರವಲು ತಂದಿಟ್ಟುಕೊಂಡಿದ್ದ. "ಗಾಳಿ ಕಮ್ಮಿ ಇದ್ರೆ ಎಂಜಿನ್ನು ತಿಣುಕ್ತದೆ," ಎಂದು ಚಕ್ರಕ್ಕೇ ಹೇಳುವಂತೆ ಹೇಳಿ, ಅವಳ ಮುಖ ನೋಡದೆ ಒಳಗೆ ಹೋದ. ಇಪ್ಪತ್ತೈದರಲ್ಲೇ ಹೋಗು ಎಂದು ಮಾತ್ರ ಹೇಳಲಿಲ್ಲ. ಅದು ಅವನ ಪಾಲಿಗೆ ದೊಡ್ಡ ತ್ಯಾಗ.

ಹೊರಡುವ ಹೊತ್ತಿಗೆ ಸಿದ್ದಮ್ಮ ಸೀರೆ ಬದಲಾಯಿಸಿ, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತೇ ಬಿಟ್ಟರು.

"ಅತ್ತೆ, ನೀವ್ಯಾಕೆ? ಸೊಂಟ ನೋಯ್ತದೆ."

"ನೋಯ್ಲಿ ಬುಡು. ಗೆದ್ರೆ ನೋಡಕ್ಕೆ ಒಬ್ರು ಬೇಕು, ಸೋತ್ರೆ ಬೈಸ್ಕಳಕ್ಕೆ ಇನ್ನೊಬ್ರು ಬೇಕು. ನಡಿ."

ಹಳ್ಳಿ ರಸ್ತೆಯಲ್ಲಿ ಮೂವತ್ತಕ್ಕೆ ಹೋಗುವುದು ಕಷ್ಟವಾಗಲಿಲ್ಲ. ತಿಪಟೂರು ದಾಟಿ ಹೈವೇ ಬಿಚ್ಚಿಕೊಂಡ ಮೇಲೆ ಶುರುವಾಯಿತು ಅವಳ ಪರೀಕ್ಷೆ. ಹಿಂದಿನಿಂದ ಬಸ್ಸುಗಳು ಹಾರನ್ ಹೊಡೆದು ಬೈದವು, ಕಾರುಗಳು ಪಕ್ಕದಲ್ಲಿ ಸುಯ್ಯೆಂದು ಹೋದವು. ಇಷ್ಟು ಮೆಲ್ಲಗೆ ಹೋಗುತ್ತಿರುವುದು ಹೆಂಗಸೆಂಬ ಕಾರಣಕ್ಕೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೇನೋ ಎನಿಸಿ, ವನಜಾಕ್ಷಿ ಕಾಲು ಒತ್ತಿದಳು. ಮುಳ್ಳು ಐವತ್ತು ದಾಟಿತು, ಅರವತ್ತು ದಾಟಿತು.

ಸಿದ್ದಮ್ಮ ತಾಂಬೂಲ ಅಗಿಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದರು.

ಸಿದ್ದಮ್ಮನ ಕಿವಿಯ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾಗಿ ಬಂದಂದಿನಿಂದ ಅವರು ಮಾಡಿದ ಕೆಲಸವೆಂದರೆ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು. ಒಳಗಿನ ಗಿಟುಕು ಚಿಪ್ಪು ಬಿಟ್ಟು 'ಲೊಟ್ ಲೊಟ್' ಎಂದರೆ ಒಡೆಯಲು ತಯಾರು. ಶಬ್ದವಿಲ್ಲದಿದ್ದರೆ ಅದು ಇನ್ನೂ ಅಟ್ಟದ ಮೇಲಿರಲಿ. ಹೀಗೆ ಲಕ್ಷಗಟ್ಟಲೆ ಕಾಯಿಗಳ ಮಾತು ಕೇಳಿದ ಕಿವಿ ಅದು. ಈಗ ಹಿಂದೆ ಎರಡೂವರೆ ಸಾವಿರ ಕಾಯಿ ಒಟ್ಟಿಗೆ ಮಾತಾಡುತ್ತಿದ್ದವು.

"ವನಜಿ, ಅವು ತೊಟ್ಟಿಲು ತೂಗ್ತಾ ಅವೆ."

"ಯಾವು?"

"ಕಾಯಿ ಕಣೇ. ಆಗಿಂದ ಮಳೆ ಹುಯ್ದಂಗೆ ಒಂದೇ ಸಮ ಸದ್ದು ಬತ್ತಿತ್ತು. ಈಗ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ. ನೋಡು ಹಿಂದೆ."

ವನಜಾಕ್ಷಿ ಕನ್ನಡಿ ನೋಡಿದಳು. ಟ್ರೈಲರ್ ನಾಯಿ ಬಾಲದಂತೆ ಆಡುತ್ತಿತ್ತು. ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ತಟ್ಟನೆ ಹಿಡಿದರೆ ಹಿಂದಿನ ಭಾರವೆಲ್ಲ ಬಂದು ಜೀಪನ್ನು ತಿರುಗಿಸಿಬಿಡುತ್ತದೆ ಎಂದು ಅವಳಿಗೆ ಆ ಕ್ಷಣದಲ್ಲೇ ಅನ್ನಿಸಿತು. ಬ್ರೇಕು ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ಎತ್ತಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು ಕೂತಳು. ಬಾಲ ಎರಡು ಸಲ ದೊಡ್ಡದಾಗಿ ಆಡಿತು, ಮೂರನೇ ಸಲ ಸಣ್ಣದಾಗಿ, ಆಮೇಲೆ ನಿಂತಿತು. ಪಕ್ಕದ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು.

ಸಿದ್ದಮ್ಮ ಇಳಿದು, ಟ್ರೈಲರನ್ನು ಒಂದು ಸುತ್ತು ಹಾಕಿ, ಟಾರ್ಪಾಲು ಎತ್ತಿ ನೋಡಿದರು. ಇಳಿಸಲು ಸುಲಭವಾಗಲೆಂದು ಆಳುಗಳು ಚೀಲಗಳನ್ನೆಲ್ಲ ಹಿಂಬಾಗಿಲಿಗೆ ಒತ್ತಿ ಜೋಡಿಸಿದ್ದರು. ಸೋಮವಾರವೂ ಹಾಗೇ ಜೋಡಿಸಿದ್ದರು.

"ಹಿಂಭಾರ ಆಗೈತೆ! ಎತ್ತಿನ ಗಾಡಿಯಾಗಿದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯೋದು, ಎತ್ತು ನಿಂತ್ಕೊಳ್ಳೋದು. ಜೀಪಿಗೆ ಪಾಪ ಕುತ್ತಿಗೆ ಎಲ್ಲೈತೆ? ಚೀಲ ಮುಂದಕ್ಕೆ ಹಾಕು."

ಇಬ್ಬರೂ ಒಂದು ಚೀಲ ಎಳೆಯುವಷ್ಟರಲ್ಲಿ ಟೀ ಅಂಗಡಿಯ ಮೈಲಾರಿ ಹಾಲಿನ ಪಾತ್ರೆ ಇಳಿಸಿ, ಸ್ಟವ್ ಆರಿಸಿ ಬಂದ. ಗಿರಾಕಿಗಳು ಟೀಗೆ ಕಾಯುತ್ತಿದ್ದರು. ಡ್ರೈವರ್ ಎಲ್ಲಿ ಎಂದು ಅವನು ಕೇಳಲಿಲ್ಲ. "ಎಷ್ಟು ಮುಂದಕ್ಕಮ್ಮ?" ಎಂದಷ್ಟೇ ವನಜಾಕ್ಷಿಯನ್ನು ಕೇಳಿದ. ಕಾಯುತ್ತಿದ್ದವರಲ್ಲಿ ಇಬ್ಬರು ತಾವಾಗಿ ಬಂದು ಕೈ ಹಾಕಿದರು. ಮುಂದುಗಡೆ ಸ್ವಲ್ಪ ಹೆಚ್ಚು, ಹಿಂದೆ ಸ್ವಲ್ಪ ಕಡಿಮೆ. ಮೈಲಾರಿ ಟ್ರೈಲರಿನ ಕೊಂಡಿಯ ಮೇಲೆ ಕೈಯಿಟ್ಟು ಒತ್ತಿ ನೋಡಿ, "ಈಗ ಭಾರ ಕುಂತ್ಕಂತು," ಎಂದ. ಟೀ ಹೆಸರಲ್ಲಿ ದುಡ್ಡು ಕೊಡಲು ಹೋದರೆ, "ಕುಡ್ದೇ ಇಲ್ವಲ್ಲಮ್ಮ," ಎಂದು ನಕ್ಕು ಸ್ಟವ್ ಹಚ್ಚಲು ಹೋದ.

ಮತ್ತೆ ಹೊರಟಾಗ ವನಜಾಕ್ಷಿಗೆ ಕೆಚ್ಚು ಬಂದಿತ್ತು. "ಅತ್ತೆ, ನೀವು ಕೇಳ್ತಾ ಹೋಗಿ. ಹೆಂಗೈತೆ ಅಂತ ಹೇಳ್ತಾ ಹೋಗಿ."

ನಲವತ್ತು. "ಕಾಯಿ ಸುಮ್ನವೆ. ಎಂಜಿನ್ನೇ ಗೊಣಗ್ತಾ ಐತೆ, ನಿನ್ನ ಗಂಡನಂಗೆ." ಹೌದು, ಟಾಪ್ ಗೇರಿನಲ್ಲಿ ಅದಕ್ಕೆ ಏದುಸಿರು.

ಐವತ್ತೆಂಟು. "ಜಗಳ ಆಡ್ತಾ ಅವೆ. ಒಂದಕ್ಕೊಂದು ಗುದ್ತಾ ಅವೆ. ಇಳಿಸು."

ಐವತ್ತಕ್ಕಿಂತ ಕೂದಲೆಳೆ ಮೇಲೆ. ಸಿದ್ದಮ್ಮ ಕಣ್ಣು ಮುಚ್ಚಿ ತಲೆ ತೂಗಿದರು. "ಹಾಂ. ಈಗ ಮಾತಾಡ್ಕತಾ ಅವೆ. ಸಂಘದ ಹೆಂಗಸ್ರಂಗೆ."

ಎಂಜಿನ್ನಿನ ಗೊಣಗಾಟವೂ ನಿಂತಿತ್ತು. ವನಜಾಕ್ಷಿ ಹಣೆಯ ಸ್ಟಿಕ್ಕರ್ ಕಿತ್ತು ಮೀಟರಿನ ಗಾಜಿನ ಮೇಲೆ, ಮುಳ್ಳು ನಿಂತ ಜಾಗಕ್ಕೆ ಅಂಟಿಸಿದಳು. ಮೀಟರಿಗೆ ಲಕ್ಷಣ ಬಂತು.

ಹಿಂದೆ ಒಂದು ಪ್ರೈವೇಟ್ ಬಸ್ಸು ಬಂದು ಪೇಂ ಪೇಂ ಎಂದಿತು. ವನಜಾಕ್ಷಿ ಎಡಕ್ಕೆ ಸರಿದು ಮುಳ್ಳನ್ನು ಸ್ಟಿಕ್ಕರಿನಲ್ಲೇ ಇಟ್ಟಳು. ಸಿದ್ದಮ್ಮ ಕೈ ಹೊರಗೆ ಚಾಚಿ, ಮದುವೆ ಮನೆಯಲ್ಲಿ ಪಂಕ್ತಿಗೆ ಕರೆಯುವಂತೆ, "ನಡಿಯಪ್ಪ, ನಡಿ, ನಿನಗೆ ಅರ್ಜೆಂಟು," ಎಂದು ಮುಂದೆ ಬಿಟ್ಟರು. ಬಸ್ಸಿನ ಕ್ಲೀನರು ಬಾಗಿಲಲ್ಲಿ ನಿಂತು ಅಜ್ಜಿಗೆ ಕೈಯೆತ್ತಿ ನಮಸ್ಕಾರ ಮಾಡಿ ಹೋದ.

ಶೆಡ್ಡಿನಲ್ಲಿ ಚೀಲ ಸುರಿದು ಆರಿಸಿದಾಗ ಒಡೆದಿದ್ದು ನಾಲ್ಕೇ ನಾಲ್ಕು. ಅವನ್ನು ಸಂಘದವರು ಬೆಲ್ಲದ ಜೊತೆ ಅಲ್ಲೇ ತಿಂದು ಮುಗಿಸಿದರು.

ಅರ್ಧ ಗೆದ್ದಂತಾಯಿತು. ಉಳಿದರ್ಧ ಡೀಸೆಲ್ಲು. ಆದರೆ ವಾಪಸ್ ಬರುವಾಗ ಟ್ರೈಲರ್ ಖಾಲಿ. ಹೇಳುವುದಕ್ಕೆ ಕಾಯಿಗಳಿಲ್ಲ, ಕೇಳುವುದಕ್ಕೆ ಅತ್ತೆಯೂ ಇಲ್ಲ. ಬೆಲ್ಲ ಕೊಬ್ಬರಿ ತಿಂದ ಸಿದ್ದಮ್ಮ ಕ್ರಾಸು ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದ್ದರು. ಭಾರ ಇಳಿದ ಜೀಪು ಹಗ್ಗ ಬಿಚ್ಚಿದ ಕರುವಿನಂತೆ ಓಡಲು ನೋಡುತ್ತಿತ್ತು. ಖಾಲಿ ಗಾಡಿಗೆ ಐವತ್ತು ಯಾಕೆ, ಎಪ್ಪತ್ತಾದರೆ ಏನು ಹೋಯಿತು, ಹುಚ್ಚಣ್ಣ ಭಾವ ಕಾಯುತ್ತಿರುತ್ತಾರೆ, ತಡವಾದರೆ ಅದಕ್ಕೂ ಒಂದು ಮಾತು ಬರುತ್ತದೆ. ಅವಳು ಅರವತ್ತೈದಕ್ಕೆ ಏರಿಸಿದಳು.

ಟ್ರೈಲರ್ ಹಿಂದೆ ತಗಡಿನ ಡಬ್ಬದಂತೆ ಕುಣಿಯಿತು. ಗೊರಕೆ ಗಕ್ಕೆಂದು ನಿಂತಿತು. "ಯಾರು ಬಂದ್ರು?" ಎಂದು ಸಿದ್ದಮ್ಮ ಎದ್ದು ಕೂತರು.

"ಯಾರೂ ಇಲ್ಲ, ಮಲಗಿ ಅತ್ತೆ."

ಕಾಲು ಸಡಿಲಿಸಿದಳು. ಅರವತ್ತರಲ್ಲಿ ಸಿದ್ದಮ್ಮ ತೂಕಡಿಸಿದರು. ಐವತ್ತೈದರಲ್ಲಿ ತಲೆ ವಾಲಿತು. ಮುಳ್ಳು ಸ್ಟಿಕ್ಕರಿಗೆ ಬಂದ ಮೇಲೆ ಗೊರಕೆ ಹದವಾಗಿ, ಏರಿಳಿತವಿಲ್ಲದೆ ಮತ್ತೆ ಶುರುವಾಯಿತು. ವನಜಾಕ್ಷಿ ಒಬ್ಬಳೇ ನಕ್ಕಳು. ತಿಪಟೂರಿನವರೆಗೂ ಅವಳು ಮೀಟರು ನೋಡಲೇ ಇಲ್ಲ.

ಬಂಕಿನಲ್ಲಿ ಅಣ್ಣತಮ್ಮ ಇಬ್ಬರೂ ಊರಿನಿಂದ ಬಸ್ಸು ಹಿಡಿದು ಬಂದು ನಿಂತಿದ್ದರು. ಹೋಳೆಷ್ಟು ಎಂದು ಹುಚ್ಚಣ್ಣ ಕೇಳಿದ್ದಕ್ಕೆ ಸಿದ್ದಮ್ಮ ನಾಲ್ಕು ಬೆರಳು ತೋರಿಸಿದರು. ಪೈಪು ಹಿಡಿದ ಹುಡುಗಿ ಸ್ಪಂದನ, "ಫುಲ್ ಆಯ್ತು ಸಾರ್. ಐದೂ ಕಾಲು," ಎಂದಳು.

"ಎಲ್ಲಿ ಆಯ್ತು? ಒಳಗೆ ಗಾಳಿ ಸಿಕ್ಕೊಂಡಿರ್ತದೆ," ಎಂದು ಹುಚ್ಚಣ್ಣ ಜೀಪಿನ ಹಿಂಬದಿ ಹಿಡಿದು ಕುಲುಕಿದ. ದಯಾನಂದನನ್ನೂ ಕರೆದ. ದಯಾನಂದ ಹೆಂಡತಿಯ ಮುಖ ನೋಡಿಕೊಂಡು ಬಹಳ ಮೆತ್ತಗೆ ಕುಲುಕಿದ.

"ಇನ್ನೊಂದು ಲೋಟ ಹಿಡೀತು ಸಾರ್. ಐದೂವರೆ. ಇದರ ಮೇಲೆ ಹಾಕಿದ್ರೆ ನೆಲಕ್ಕೇ."

ಹುಚ್ಚಣ್ಣ ಬಂಕಿನ ಮೀಟರು ನೋಡಿದ, ಟ್ಯಾಂಕು ನೋಡಿದ, ಆಕಾಶ ನೋಡಿದ. ಮೂರೂ ಕಡೆ ಅವನಿಗೆ ಸಹಾಯ ಸಿಗಲಿಲ್ಲ. ವನಜಾಕ್ಷಿಯ ಮುಂದೆ ಬಂದು, "ಇಳಿ," ಎಂದ.

ಅವಳು ಸ್ಟೇರಿಂಗು ಬಿಡಲಿಲ್ಲ. "ಭಾವ, ಮಾತು ಮಾತೇ ಅಲ್ವಾ?"

"ಇಳಿಯವ್ವ ಅಂದ್ರೆ."

ಇಳಿದಳು. ಹುಚ್ಚಣ್ಣ ಸೀಟಿನ ಕೆಳಗಿನಿಂದ ಸ್ಪ್ಯಾನರ್ ಎಳೆದು, ನೆಲಕ್ಕೆ ಮಂಡಿಯೂರಿ, ತುಕ್ಕು ಹಿಡಿದ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಡ್ರೈವರ್ ಸೀಟನ್ನು ಎರಡು ತೂತು ಮುಂದಕ್ಕೆ ತಂದು ಮತ್ತೆ ಬಿಗಿದ.

"ಬೆಳಿಗ್ಗೆ ಹೊರಡೋವಾಗ ನೋಡ್ದೆ. ಕ್ಲಚ್ಚಿಗೆ ಕಾಲು ಎಟುಕ್ದೆ ಸೀಟಿನ ತುದೀಲಿ ಕೂತಿದ್ದೆ. ಹಂಗೆ ಕೂತು ಓಡಿಸಿದ್ರೆ ಬೆನ್ನು ಹೋಯ್ತದೆ."

"ಇಷ್ಟು ಮುಂದೆ ತಂದ್ರೆ ನಿಮ್ಮ ಮಂಡಿ ಸ್ಟೇರಿಂಗಿಗೆ ತಾಗಲ್ವಾ ಭಾವ?"

"ನಾನ್ಯಾಕೆ ಆ ಕಡೆ ಕೂರ್ಲಿ?" ಎಂದು ಹುಚ್ಚಣ್ಣ ಪ್ಯಾಂಟಿನ ಮಣ್ಣು ಕೊಡವಿಕೊಂಡ. ಅವ್ವನನ್ನು ಕೈಹಿಡಿದು ಹಿಂದಿನ ಸೀಟಿಗೆ ಹತ್ತಿಸಿ, ತಾನು ಎಡಗಡೆಯ ಬಾಗಿಲು ತೆಗೆದು ಹತ್ತಿದ. ದಯಾನಂದ ಹಿಂದೆ ಅವ್ವನ ಪಕ್ಕ ತೂರಿಕೊಂಡ.

ಗಾಡಿ ಹೊರಟಿತು. ಹಳ್ಳಿ ರಸ್ತೆಗೆ ತಿರುಗುವವರೆಗೂ ಹುಚ್ಚಣ್ಣನ ಬಲಗಾಲು ಅಲ್ಲಿಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು. ಆಮೇಲೆ ತಡೆಯಲಾಗಲಿಲ್ಲ. "ಅಲ್ಲ ಕಣವ್ವ, ಖಾಲಿ ಟ್ರೈಲರು, ಖಾಲಿ ರಸ್ತೆ... ಒಂದು ಚೂರು ಒತ್ತಬಹುದಲ್ವಾ?"

"ಒತ್ತಬಾರ್ದು," ಎಂದಳು ವನಜಾಕ್ಷಿ, ಬೆನ್ನನ್ನು ಸೀಟಿಗೆ ಪೂರ್ತಿ ಆನಿಸಿ.