ಒರ್ತೆನ್ಸಿಯಾಳ ಕೈಸೇರದ ಪತ್ರ

ರಿಲೇ ಓಟದಲ್ಲಿ ಒರ್ತೆನ್ಸಿಯಾ ಬುಸಾತೊಳದು ಮೂರನೆಯ ಸರದಿ, ನನ್ನದು ಕೊನೆಯದು. ಆರು ವರ್ಷ ಅವಳ ಕೈಯಿಂದಲೇ ಬ್ಯಾಟನ್ ಈಸಿಕೊಂಡೆ. ರೋವಿಗೊದ ನಮ್ಮ ಪುಟ್ಟ ಕ್ಲಬ್ಬಿನ ನಾಲ್ವರು ಹುಡುಗಿಯರು ಎರಡು ಸಲ ಇಟಲಿಗೇ ಮೊದಲಿಗರಾದೆವು. ತರಬೇತುದಾರ ಲೆಯಾರ್ಕೊ ಅವಳ ಸೋದರಮಾವ. ಅಪ್ಪನಿಲ್ಲದ ಅವಳನ್ನು ಸಾಕಿದವನೂ ಅವನೇ.

ಎಂಬತ್ತೇಳರ ವಸಂತದಲ್ಲಿ ವರ್ಷದ ತಪಾಸಣೆಗೆ ಹೋದಾಗ ಕ್ಲಬ್ಬಿಗೆ ಹೊಸ ವೈದ್ಯೆ ಬಂದಿದ್ದರು. ಒರ್ತೆನ್ಸಿಯಾಳ ಎದೆಬಡಿತ ಕೇಳಿದವರೇ ಅವಳನ್ನು ಪಾದೊವಾದ ಹೃದಯತಜ್ಞರಲ್ಲಿಗೆ ಕಳಿಸಿದರು. ಜೊತೆಗೆ ನಾನೂ ಹೋದೆ. ಚಿಕ್ಕಂದಿನಲ್ಲಿ ಮಾವ ಅವಳನ್ನು ಅಲ್ಲಿಗೇ ಪರೀಕ್ಷೆಗೆ ಕರೆತಂದಿದ್ದನಂತೆ; ತಜ್ಞರು ಆ ಹಳೆಯ ಕಡತ ತೆಗೆದು ಓದಿದರು.

"ನೀನು ಓಡ್ಲೇಬಾರ್ದು ಅಂತ ಎಂಟು ವರ್ಷದ ಹಿಂದೇನೇ ಬರೆದಿದ್ವಲ್ಲಮ್ಮ. ಆ ಪತ್ರ ತಲುಪಲಿಲ್ವಾ?"

ತಾಲೀಮಿನಲ್ಲಿ ಅವಳು ತಡಮಾಡಿದಾಗ, "ಏನೇ, ಸತ್ತೋದ್ಯಾ?" ಎಂದು ಅದೆಷ್ಟು ಸಲ ರೇಗಿಸಿದ್ದೆನೋ.

ನಾವು ಮರಳಿದಾಗ ಲೆಯಾರ್ಕೊ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ.

"ಮಾವ, ಪಾದೊವಾದಿಂದ ನನಗೊಂದು ಪತ್ರ ಬಂದಿತ್ತಾ?"

"ಯಾವ ಪತ್ರ?"

"ಓಡಿದ್ರೆ ಸಾಯ್ತೀನಿ ಅನ್ನೋದು."

ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ. "ಬಂದಿತ್ತು."

"ಅಮ್ಮಂಗೆ ಗೊತ್ತಾ?"

"ಇಲ್ಲ, ನಂಗೊಬ್ಬನಿಗೇ. ಓಟ ಬಿಟ್ರೆ ನಂಗೇನೂ ಬೇಡ ಅಂತಿದ್ದೆ ನೀನು. ಅದಕ್ಕೇ ನೀನು ಓಡೋವಾಗೆಲ್ಲ ನಾನು ಆಂಬುಲೆನ್ಸ್ ಪಕ್ಕಾನೇ ನಿಂತಿರ್ತಿದ್ದೆ."

"ಗೆದ್ದಾಗ ಬಂದು ತಬ್ಕೊಳ್ತಿದ್ಯಲ್ಲ. ಅದು ಗೆದ್ದಿದ್ದಕ್ಕಾ, ಉಸಿರಾಡ್ತಿದ್ದಿದ್ದಕ್ಕಾ?"

ಅವನು ಬಗ್ಗಿ ಸುಣ್ಣದ ಡಬ್ಬ ಎತ್ತಿಕೊಂಡ. ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ನೇರ ಕ್ಲಬ್ಬಿನ ಕಚೇರಿಗೆ ಹೋಗಿ ಕಪಾಟು ತೆಗೆದು, ನಮ್ಮೆಲ್ಲರ ಕಡತಗಳನ್ನು ನೆಲದ ಮೇಲೆ ಹರವಿ ಒಂದೊಂದನ್ನೇ ಓದತೊಡಗಿದಳು.

"ಏನು ಹುಡುಕ್ತಿದ್ದೀಯೇ?"

"ನಿನ್ನ ಪತ್ರಾನೂ ಬಚ್ಚಿಟ್ಟಿದ್ದಾನೇನೋ ಅಂತ."

ಇರಲಿಲ್ಲ. ಅಡಗಿಸಿದ್ದು ಅದೊಂದನ್ನೇ, ಅವನಿಗೆ ಅತಿ ಪ್ರೀತಿಯವಳದ್ದನ್ನೇ.

ವಿಷಯ ತಿಳಿದ ದಿನವೇ ಅವಳ ತಾಯಿ ತಮ್ಮನಿಗೆ ಬಾಗಿಲು ಮುಚ್ಚಿದಳು. ಕ್ಲಬ್ಬೂ ಅವನನ್ನು ತೆಗೆದುಹಾಕಿತು. ಜೂನಿನಲ್ಲಿ ಒರ್ತೆನ್ಸಿಯಾಳ ಎದೆಯ ಶಸ್ತ್ರಚಿಕಿತ್ಸೆಯಾಯಿತು, ಬದುಕಿದಳು. ಅವಳ ಜಾಗದಲ್ಲಿ ಬೇರೊಬ್ಬಳನ್ನು ಹಾಕಿಕೊಂಡು ಓಡಿದ ನಾವು ಆ ವರ್ಷ ಐದನೆಯವರಾದೆವು. ಬ್ಯಾಟನ್‌ಗೆ ಕೈ ಚಾಚಿ ನಿಂತಾಗ ಹಿಂದೆ ಓಡಿಬರುತ್ತಿದ್ದ ಹುಡುಗಿಯ ಏದುಸಿರು ಕೇಳಿಸಿ ನಾನು ಹೊರಡುವುದನ್ನೇ ಮರೆತೆ.