ಊಟ ಮುಗಿಯುವ ತನಕ

ಪರ್ನಿಲ್ಲಾ ಒದ್ದೆ ಕೈಯಲ್ಲಿ ಖೀಮಾ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಹುರಿದು, ಮೇಲೆ ಕೆನೆ ಸುರಿದಳು. ಈ ಹಳೇ ಮನೆಗೆ ಬಂದು ವಾರವಾಗಿತ್ತಷ್ಟೆ. ಸಂಜೆ ಐದೂವರೆಗೆ ನೂಡಲ್ಸ್ ಜೊತೆ ಬಡಿಸಿ, ಗಂಡನನ್ನೂ ಮಗಳು ಸಿಗ್ನೆಯನ್ನೂ ಕೂಗಿದಳು.

ಮೂವರೂ ತಿನ್ನುತ್ತಿರುವಾಗ ಮಹಡಿಯಲ್ಲಿ ಚೆಂಡು ಪುಟಿಯುವ ಸದ್ದು ಕೇಳಿಸಿತು.

"ಮೇಲೆ ಯಾರೇ ಅದು?"

"ನನ್ ಫ್ರೆಂಡು. ನಮ್ಮ ಊಟ ಆಗೋವರೆಗೂ ರೂಮಲ್ಲೇ ಇರು ಅಂದಿದೀನಿ."

ಊರೆಲ್ಲ ಹಾಗೇ ಮಾಡುವುದು: ಆಡಲು ಬಂದ ಮಕ್ಕಳನ್ನು ಊಟಕ್ಕೆ ಕರೆಯದೆ ರೂಮಲ್ಲೇ ಕಾಯಿಸುವುದು. ಬೇರೆಯವರ ಮಕ್ಕಳಿಗೆ ಅವರ ಮನೆಯಲ್ಲೇ ಊಟ ಕಾದಿರುತ್ತದೆ. ಚಿಕ್ಕಂದಿನಲ್ಲಿ ಗೆಳತಿಯ ರೂಮಲ್ಲಿ ಅವರ ಅಡುಗೆಯ ವಾಸನೆ ಹೀರುತ್ತಾ ಕೂತದ್ದು ಪರ್ನಿಲ್ಲಾಗೆ ನೆನಪಾಯಿತು. ಎಂಥ ದರಿದ್ರ ಪದ್ಧತಿ ಅನ್ನಿಸಿ, "ಬಾ ಪುಟ್ಟಿ, ನೀನೂ ತಿನ್ನು," ಎಂದು ಮಹಡಿಗೆ ಕೇಳುವಂತೆ ಕೂಗಿದಳು. ಸದ್ದು ನಿಂತಿತು.

"ಅವರಮ್ಮ ಏನೂ ಅನ್ನಲ್ಲ ತಾನೇ?"

"ಅಮ್ಮ ಇಲ್ವಂತೆ. ಊಟ ಆಯ್ತು ಬಾ ಅಂತ ಅವರು ಕರೀಲೇ ಇಲ್ವಂತೆ, ಅದಕ್ಕೇ ಇಲ್ಲೇ ಇದಾಳಂತೆ."

"ಯಾರು ಕರೀಲಿಲ್ಲ?"

"ನಮಗಿಂತ ಮುಂಚೆ ಈ ಮನೇಲಿದ್ದೋರು. ಅವರಿಗಿಂತ ಮುಂಚೆ ಇದ್ದೋರೂ."

ಮೆಟ್ಟಿಲಿಳಿದ ಪುಟ್ಟ ಹೆಜ್ಜೆಗಳ ಸಪ್ಪಳ ಅಡುಗೆಮನೆಯೊಳಗೇ ಬಂತು. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾಲ್ಕನೆಯ ಕುರ್ಚಿ ಮೆಲ್ಲಗೆ ಹಿಂದೆ ಸರಿಯಿತು.