ದೊಡ್ಡೋರಿಗೆ ನಿಂಬೆಹಣ್ಣು

ನಮ್ಮ ಲೊಕ್ಕನಹಳ್ಳಿಯಲ್ಲಿ ಎರಡು ಹೆಸರು ಬಾಯಲ್ಲಿ ಬರಬಾರದು. ಹೆಣ್ಣಿಗೆ ಗಂಡನ ಹೆಸರು, ಹೊಲದಲ್ಲಿ ಬೆಳೆ ಇರುವಾಗ ಆನೆಯ ಹೆಸರು. ಗಂಡನನ್ನು ‘ನಮ್ಮೋರು’ ಅನ್ನುತ್ತೇವೆ, ಆನೆಯನ್ನು ‘ದೊಡ್ಡೋರು’.

ನಮ್ಮೋರು ಕೊಳ್ಳೇಗಾಲದ ಪೇಟೆಯವರು. ಪುಕ್ಕಲು ಅಂದರೆ ಅಂಥಿಂಥ ಪುಕ್ಕಲಲ್ಲ. ಮನೆಗೆ ಕೋತಿ ನುಗ್ಗಿದಾಗ ನನ್ನನ್ನು ಮುಂದೆ ತಳ್ಳಿ ತಾವು ಅಟ್ಟ ಹತ್ತಿದ ಮಹಾಶಯರು! ಬೀದಿಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಸಲವಾದರೂ ನನ್ನ ಮುಂದೆ ನಿಂತು ತೋರಿಸಲಿ, ಆಮೇಲೆ ಸಂಸಾರ ಅಂತ ಹೇಳಿ ತವರಿಗೆ ಬಂದುಬಿಟ್ಟೆ.

ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ಅದು. ಹೊಸ ಸಾಹೇಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಊರೆಲ್ಲ ಗುಲ್ಲು. ನನ್ನನ್ನು ಕರೆದೊಯ್ಯಲು ಬಂದಿದ್ದ ನಮ್ಮೋರು ಬೆಳಿಗ್ಗೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವ್ವ ಹಿತ್ತಲಿಂದ ಓಡಿ ಬಂದಳು.

“ರತ್ನೀ, ದೊಡ್ಡೋರು ಬಂದವ್ರೆ ಕಣವ್ವ! ರಾಗಿ ಒಲ್ದಾಗೆ ನಿಂತವ್ರೆ!”

ಅಷ್ಟು ಹೇಳಿ ತಮಟೆಯವರನ್ನು ಕರೆಯಲು ಓಡಿದಳು. ತಿರುಗಿ ನೋಡುತ್ತೇನೆ, ಜಗಲಿ ಖಾಲಿ. ರುಮಾಲು ಸುತ್ತಿಕೊಂಡು, ಕಾಣಿಕೆಗೆ ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ನಮ್ಮೋರು ಮಂಜಿನೊಳಗೆ ಹೊಲದ ಕಡೆ ಹೊರಟಿದ್ದರು. ಅಯ್ಯೋ ಮಾದಪ್ಪ, ದೊಡ್ಡೋರು ಅಂದರೆ ಸಾಹೇಬರು ಅಂದುಕೊಂಡುಬಿಟ್ಟಿದ್ದಾರೆ!

ನಾನು ಬದು ಮುಟ್ಟುವಷ್ಟರಲ್ಲಿ “ನಮಸ್ಕಾರ ಸಾ” ಅನ್ನುವುದು ಕೇಳಿಸಿತು. ಮಂಜು ಸರಿಯಿತು. ಮೊದಲು ದಂತ ಕಂಡಿತು, ಆಮೇಲೆ ಹಣೆ, ಆಮೇಲೆ ಆ ಇಡೀ ಮೈ. ಹಿಂದಿನ ಬೆಟ್ಟವೇ ಮುಚ್ಚಿಹೋಯಿತು. ಅಷ್ಟು ದೊಡ್ಡ ಜೀವ ಅಷ್ಟು ಮೆತ್ತಗೆ ಉಸಿರಾಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಭಯಕ್ಕೂ ಮೊದಲು ಕೈ ಮುಗಿಯಬೇಕು ಅನ್ನಿಸಿತು.

ಓಡಿ ಅಂತ ಕೂಗಬೇಕೆಂದಿದ್ದೆ. ಬಾಯಿಗೆ ಬಂದದ್ದು ಹೆಸರು.

“ಪುಟ್ಟಸಿದ್ದಯ್ಯಾ!”

ದೊಡ್ಡೋರು ನನ್ನ ಕಡೆ ತಿರುಗಿ ಕಿವಿ ಅಗಲಿಸಿದರು. ಒಂದು ಹೆಜ್ಜೆ ಇಟ್ಟರು. ನಮ್ಮೋರು ಗಡಗಡ ನಡುಗುತ್ತಲೇ ಬಂದು ನನಗೆ ಅಡ್ಡ ನಿಂತರು.

“ಇವ್ಳು ನನ್ನೆಂಡ್ತಿ ಕಣ್ ಸಾ. ಇವ್ಳ ತಂಟೆಗೆ ಬರ್ಬ್ಯಾಡಿ. ಬೇಕಾದ್ರೆ ನನ್ನ... ಬ್ಯಾಡಿ ಸಾ, ನನ್ನೂ ಬುಟ್ಬುಡಿ!”

ಸೊಂಡಿಲು ಅವರ ರುಮಾಲು ಮೂಸಿತು, ಅಂಗೈಯ ನಿಂಬೆಹಣ್ಣು ಮೂಸಿತು, ತೆಗೆದುಕೊಳ್ಳಲಿಲ್ಲ. ದೊಡ್ಡೋರು ಬೆನ್ನು ತಿರುಗಿಸಿ ಕಾಡಿನ ಕಡೆ ನಡೆದರು. ಸದ್ದೇ ಇಲ್ಲ, ರಾಗಿ ತೆನೆ ಮಾತ್ರ ಅಲ್ಲಾಡಿತು.

ನಮ್ಮೋರು ಅಲ್ಲೇ ಕುಸಿದು ಕೂತರು.

“ಓಡೋಗ್ಬೋದಾಗಿತ್ತಲ್ಲ?” ಅಂದೆ.

“ಓಡಾಣ ಅಂತಿದ್ದೆ. ಇಂದ್ಗಡೆ ನೀನಿದ್ದಲ್ಲ.”

ನನಗೆ ಅಳು ಬಂತು. ಅವರ ಕೈಯಲ್ಲಿದ್ದ ನಿಂಬೆಹಣ್ಣನ್ನು ಬಿಡಿಸಿಕೊಂಡು ಸೆರಗಿಗೆ ಕಟ್ಟಿಕೊಂಡೆ.

“ಏಳಿ, ಕೊಳ್ಳೇಗಾಲದ ಬಸ್ಸು ಬರೋ ಒತ್ತಾಯ್ತು,” ಅಂದೆ.